ಹಸಿ ಸೌದೆಯ ತೂಕ

ಕಾಸರಗೋಡು, ಮಂಜೇಶ್ವರದ ಕಡೆಯಿಂದ ನಮ್ಮಲ್ಲಿಗೆ ಬರುತ್ತಿದ್ದ ನೆಂಟರು ಮಳೆಗಾಲದಲ್ಲಿ ಮನೆಯೊಳಗೆ ಕಾಲಿಟ್ಟ ಕೂಡಲೇ ಹೊಗೆಯ ಮಾತೆತ್ತುತ್ತಿದ್ದರು. "ನೀವು ಮಾನಂದವಾಡಿಯವರು ಹೊಗೆಯಲ್ಲಿ ಬೆಂದವರು ಮಾರಾಯ್ರೆ" ಎಂದು ನಗುತ್ತಿದ್ದರು. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಜೂನ್‌ನಿಂದ ಜನವರಿ ಕಳೆಯುವ ತನಕ ನಮ್ಮ ಮನೆಯಲ್ಲಿ ಮೂರು ಕಡೆ ಬೆಂಕಿ ಇರುತ್ತಿತ್ತು. ಅಡುಗೆಯ ಒಲೆ ಒಂದು, ಬಚ್ಚಲಿನ ತಾಮ್ರದ ಹಂಡೆಯ ಒಲೆ ಇನ್ನೊಂದು, ಅಜ್ಜಿಯ ಕೋಣೆಯ ಅಗ್ಗಿಷ್ಟಿಕೆ ಮೂರನೆಯದು. ಅಡುಗೆ ಒಲೆಯ ಮೇಲಿನ ಅಟ್ಟದಲ್ಲಿ ಕರಿಮೆಣಸು, ಬಿತ್ತನೆಯ ಭತ್ತ, ಒಣಗದ ಬಟ್ಟೆ, ಶಾಲೆಗೆ ಹೋಗುವ ನಮ್ಮ ಪುಸ್ತಕದ ಚೀಲ ಎಲ್ಲವೂ ಒಂದೇ ಸಾಲಿನಲ್ಲಿ ಕೂರುತ್ತಿದ್ದವು. ಕೆಳಗಿನ ನಾಡಿನಲ್ಲಿ ಸೌದೆಯೆಂದರೆ ಅನ್ನ ಬೇಯಿಸುವ ವಸ್ತು. ವಯನಾಡಿನಲ್ಲಿ ಅದು ಹೊದಿಕೆಯೂ ಹೌದು.

ನನ್ನ ತಂದೆಯವರು ತೀರಿಕೊಂಡ ಮೇಲೆ ಅವರ ತಗಡಿನ ಪೆಟ್ಟಿಗೆಯನ್ನು ಬಿಡಿಸುವಾಗ ನಾಲ್ಕು ಮಡಿಕೆಯ ಒಂದು ಕಾಗದ ಸಿಕ್ಕಿತು. 1974ರ ಮಳೆಗಾಲದಲ್ಲಿ ನಮ್ಮ ಕೇರಿಯವರು ಸೌದೆಯ ಬೆಲೆಯ ಬಗ್ಗೆ ಬರೆದ ಅರ್ಜಿಯ ಪ್ರತಿ. ಕೆಳಗೆ ಹದಿನಾರು ಮನೆಗಳ ಒಪ್ಪಿಗೆ. ಕೆಲವು ಕನ್ನಡದಲ್ಲಿ, ಹೆಚ್ಚಿನವು ಮಲೆಯಾಳದಲ್ಲಿ, ಒಂದೆರಡು ಅರಬಿ-ಮಲೆಯಾಳ ಲಿಪಿಯಲ್ಲಿ, ಉಳಿದವು ಹೆಬ್ಬೆಟ್ಟು. ನಾನು ಇತಿಹಾಸ ಕಲಿಸಿದವನಲ್ಲ, ಬರೆದು ರೂಢಿಯಿದ್ದವನೂ ಅಲ್ಲ. ಆದರೆ ಆ ಕಾಗದ ಕೈಗೆ ಬಂದ ಮೇಲೆ, ನಮ್ಮ ಕೇರಿಯ ಈ ಸಣ್ಣ ತಕರಾರಿಗೆ ಎಷ್ಟು ಹಿಂದಿನ ಬೇರಿದೆ ಎಂದು ನೋಡುವ ಆಸೆ ಹುಟ್ಟಿತು. ನೋಡುತ್ತ ಹೋದಂತೆ, ನಮ್ಮ ಹಿರಿಯರು ಬರೆದದ್ದರಲ್ಲಿ ಒಂದು ಸಾಲು ಕಡಿಮೆಯಾಗಿತ್ತು ಎಂಬುದೂ ತಿಳಿಯಿತು. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ತಕರಾರು ಏನೆಂದು ಹೇಳಿಬಿಡುವೆ. ನಾನು ಚಿಕ್ಕವನಾಗಿದ್ದಾಗ ಸೌದೆ ಬರುತ್ತಿದ್ದದ್ದು ಎತ್ತಿನ ಗಾಡಿಯಲ್ಲಿ. ಗಾಡಿಗೆ ಇಷ್ಟು ಎಂದು ಬೆಲೆ. ಗಾಡಿಯ ಗೂಟದ ಎತ್ತರ ಎಲ್ಲರಿಗೂ ಗೊತ್ತು. ಹಸಿಯಿರಲಿ ಒಣಗಿರಲಿ, ಗಾಡಿ ತುಂಬಿದರೆ ಗಾಡಿಯೇ. ತೂಕದ ಲೆಕ್ಕ ಬೇಕಾದವರಿಗೆ ಹಳೆಯ ತುಲಾಂ ಇತ್ತು. 1962ರ ಏಪ್ರಿಲ್‌ನಿಂದ ದೇಶದಲ್ಲೆಲ್ಲ ಮೆಟ್ರಿಕ್ ತೂಕ ಕಡ್ಡಾಯವಾಯಿತು. ಅಂಗಡಿಯ ಅಕ್ಕಿಗೆ, ಸಕ್ಕರೆಗೆ ಅದು ಒಳ್ಳೆಯದೇ ಆಯಿತು. ಸೌದೆಗೆ ಮಾತ್ರ ಆಗಲಿಲ್ಲ. ಪೇಟೆಯ ಸೌದೆ ಡಿಪೋಗಳು ಕ್ರಮೇಣ ಗಾಡಿ ಬಿಟ್ಟು ಕ್ವಿಂಟಾಲಿಗೆ ಇಳಿದವು, ಮತ್ತು ಆ ಕ್ವಿಂಟಾಲನ್ನು ಮಳೆಯಲ್ಲಿ ತೋಯ್ದ ಮರದಿಂದ ತೂಗಿದವು.

ತಂದೆಯವರು ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಕಾಫಿಬೀಜದ ತೇವ ನೋಡಿ ತೂಕ ಹಿಡಿಯುವುದು ಅವರ ದಿನದ ಕೆಲಸ. ಹಾಗಾಗಿ ಡಿಪೋದಿಂದ ತಂದ ಒಂದು ತುಂಡನ್ನು ಗುರುತು ಮಾಡಿ ಅಟ್ಟದ ಮೇಲಿಟ್ಟು, ವಾರಕ್ಕೊಮ್ಮೆ ಇಳಿಸಿ ತೂಗಿ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟರು. ಈಗ ತಾನೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ಗಾಳಿಗೆ ಚೆನ್ನಾಗಿ ಒಣಗಿದ ಮೇಲೆ ಅದು ಐದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅಂದರೆ ಮಳೆಗಾಲದಲ್ಲಿ ಕೊಂಡ ಒಂದು ಕ್ವಿಂಟಾಲ್ ಹಸಿ ಸೌದೆ ಒಣಗಿದಾಗ 62-63 ಕಿಲೋ ಮಾತ್ರ. ಉಳಿದ ಮೂವತ್ತೇಳು ಕಿಲೋ ನೀರಿಗೆ ನಾವು ಸೌದೆಯ ಬೆಲೆ ಕೊಟ್ಟಿರುತ್ತೇವೆ. ಅಷ್ಟಕ್ಕೇ ಮುಗಿಯಲಿಲ್ಲ. ಹಸಿ ಸೌದೆ ಉರಿಯುವಾಗ ತನ್ನೊಳಗಿನ ನೀರನ್ನು ಆವಿ ಮಾಡುವುದಕ್ಕೇ ತನ್ನ ಕಾವಿನ ಒಂದು ಪಾಲನ್ನು ಕಳೆಯುತ್ತದೆ. ಹಂಡೆ ಕಾಯುವುದಿಲ್ಲ, ಕಣ್ಣು ಉರಿಯುತ್ತದೆ. ಅರ್ಜಿಯಲ್ಲಿ ಕೇಳಿದ್ದು ಇಷ್ಟೇ: ಮಳೆಗೆ ಮುಂಚೆ, ಮಾರ್ಚ್-ಏಪ್ರಿಲ್‌ನಲ್ಲಿ, ಒಣಗಿದ ಸೌದೆಯನ್ನು ನಿಗದಿ ಬೆಲೆಗೆ ಕೊಡಬೇಕು, ಮಳೆಗಾಲದಲ್ಲಿ ಮಾರುವುದಾದರೆ ಗಾಡಿಯ ಅಳತೆಯಲ್ಲಿ ಮಾರಬೇಕು. ಪುಕ್ಕಟೆ ಕೊಡಿ ಎಂದು ಯಾರೂ ಕೇಳಿರಲಿಲ್ಲ.

ಆ ವರ್ಷವೇ ಯಾಕೆ ಎಂದು ಕೇಳಬಹುದು. 1973ರ ಅಕ್ಟೋಬರದಲ್ಲಿ ಅರಬ್ ರಾಷ್ಟ್ರಗಳು ಎಣ್ಣೆಯನ್ನು ತಡೆದು, ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟಾದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಎಲ್ಲಿಯದೋ ಯುದ್ಧದ ಬಿಸಿ ನಮ್ಮ ಸೀಮೆಎಣ್ಣೆಯ ಸಾಲಿಗೆ ಬಂದು ಮುಟ್ಟಿತು. ಆದರೆ ಅದಕ್ಕಿಂತ ದೊಡ್ಡ ಕಾರಣ ನಮ್ಮ ಕಾಡಿನಲ್ಲೇ ಇತ್ತು. ಅದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮಲಬಾರಿನಲ್ಲಿ ಸೌದೆಯ ದೂರು ದಾಖಲೆಗೆ ಬಂದದ್ದು ಎರಡು ನೂರು ವರ್ಷಗಳ ಹಿಂದೆ. ಇಂಗ್ಲೆಂಡಿನಲ್ಲಿ ಹಡಗು ಕಟ್ಟುವ ಓಕ್ ಮರ ಸಾಲದೆ ಬಂದಾಗ ಅವರ ಕಣ್ಣು ಮಲಬಾರಿನ ತೇಗದ ಮೇಲೆ ಬಿತ್ತು. 1806ರ ನವೆಂಬರದಲ್ಲಿ ಕಂಪೆನಿ ಸರಕಾರ ಕ್ಯಾಪ್ಟನ್ ವಾಟ್ಸನ್ ಎಂಬ ಪೋಲೀಸ್ ಅಧಿಕಾರಿಯನ್ನು ಕಾಡಿನ ಸಂರಕ್ಷಕನಾಗಿ ನೇಮಿಸಿತು. ಭಾರತದಲ್ಲಿ ಆ ಹೆಸರಿನ ಹುದ್ದೆ ಹಿಡಿದವರಲ್ಲಿ ಅವನೇ ಮೊದಲಿಗ. ಹೆಸರು ಸಂರಕ್ಷಕ, ಕೆಲಸ ತೇಗದ ಏಕಸ್ವಾಮ್ಯ. ಕೆಲವೇ ವರ್ಷಗಳಲ್ಲಿ ಖಾಸಗಿಯವರ ಕಾಡಿನ ತೇಗವೂ ಕಂಪೆನಿಯದೇ ಎಂಬಂತಾಯಿತು. ಜನ್ಮಿಗಳು, ಮರದ ವ್ಯಾಪಾರಿಗಳು ಕುದಿದರು. ಅವರ ಜತೆಗೆ ರೈತರೂ ಗೊಣಗಿದರು. ರೈತರ ದೂರು ತೇಗದ್ದಲ್ಲ, ಒಲೆಗೆ ಸೌದೆ ಕಡಿಯಲು ಬಿಡುತ್ತಿಲ್ಲ ಎಂಬುದು. ಅರಣ್ಯ ಇಲಾಖೆಯ ಚರಿತ್ರೆ ಬರೆದ ಇಂಗ್ಲಿಷರೇ ಇದನ್ನು ಒಪ್ಪಿ ದಾಖಲಿಸಿದ್ದಾರೆ. ಕೊನೆಗೆ 1823ರಲ್ಲಿ ಮದರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ ಆ ಹುದ್ದೆಯನ್ನೇ ರದ್ದುಮಾಡಿದ. ಮನ್ರೋ ನಮ್ಮ ಓದುಗರಿಗೆ ಹೊಸಬನಲ್ಲ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾದ ಮೊದಲ ಕಲೆಕ್ಟರನಾಗಿ ಬಂದವನು ಅವನೇ. ಜನ್ಮಿಯ ಕಾಡನ್ನು ಜನ್ಮಿಗೆ ಬಿಡಿ, ವ್ಯಾಪಾರ ತಾನೇ ಸರಿಹೋಗುತ್ತದೆ ಎಂಬುದು ಅವನ ನಿಲುವು. ಅದರಿಂದ ಮರದ ವ್ಯಾಪಾರಿಗೆ ಲಾಭವಾಯಿತು, ಜನ್ಮಿಗೂ ಆಯಿತು. ಒಲೆಯ ಮುಂದೆ ಕೂತವನಿಗೆ, ಕೇಳಬೇಕಾದ ದೊರೆ ಬದಲಾದ, ಅಷ್ಟೆ.

ಇಲ್ಲಿ ವಯನಾಡಿನ ಸ್ಥಿತಿ ನೆರೆಹೊರೆಯದಕ್ಕಿಂತ ಬೇರೆ. ನಮಗೆ ಪಶ್ಚಿಮದಲ್ಲೂ ಉತ್ತರದಲ್ಲೂ ಇರುವ ಕನ್ನಡದ ನೆಲಗಳಲ್ಲಿ ಸೌದೆಗೆ ಒಂದು ಹಕ್ಕಿನ ಹೆಸರಿದೆ. ಕಾಸರಗೋಡಿನವರಿಗೆ ಕುಮ್ಕಿ ಎಂದರೆ ವಿವರಿಸಬೇಕಾಗಿಲ್ಲ. ಹಳೆಯ ವರ್ಗ ಜಮೀನಿನ ಸಾಗುವಳಿಯ ಅಂಚಿನಿಂದ ನೂರು ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಸೌದೆ, ಮನೆಗೆಲಸದ ಮರ ಇವನ್ನು ವರ್ಗದಾರ ಬೆಲೆ ಕೊಡದೆ ತೆಗೆದುಕೊಳ್ಳಬಹುದು, ಮಾರುವಂತಿಲ್ಲ. ಕೊಡಗಿನಲ್ಲಿ ಗದ್ದೆಗೆ ಅಂಟಿಕೊಂಡ ಬಾಣೆ ಇದೆ. ಉತ್ತರ ಕನ್ನಡದಲ್ಲಿ ಅಡಿಕೆ ತೋಟಕ್ಕೆ ಬೆಟ್ಟ, ಮಲೆನಾಡಿನಲ್ಲಿ ಸೊಪ್ಪಿನಬೆಟ್ಟ ಮತ್ತು ಕಾನು. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 79ನೆಯ ಕಲಮಿನಲ್ಲಿ ಕುಮ್ಕಿ, ಬಾಣೆ, ಕಾಣೆ, ಬೆಟ್ಟ, ಹಾಡಿ, ಕಾನು ಎಂದು ಈ ಹೆಸರುಗಳನ್ನೆಲ್ಲ ಒಂದೇ ಸಾಲಿನಲ್ಲಿ ಬರೆದು ಅವು ಮುಂದುವರಿಯುತ್ತವೆ ಎಂದು ಹೇಳಿದೆ. ಅದನ್ನು ಓದುವಾಗ ನನಗೆ ಯಾವುದೋ ಮದುವೆಯ ಆಮಂತ್ರಣದಲ್ಲಿ ನಮ್ಮ ಮನೆಯ ಹೆಸರೊಂದೇ ಬಿಟ್ಟುಹೋದ ಹಾಗೆ ಅನಿಸಿತು.

ವಯನಾಡಿನಲ್ಲಿ ಅಂಥ ಹೆಸರು ಹುಟ್ಟದಿರಲು ಕಾರಣ ಉಂಟು. ಮಲಬಾರಿನಲ್ಲಿ ಕಾಡೆಂದರೆ ಜನ್ಮಿಯ ಸ್ವಂತ ಆಸ್ತಿ ಎಂದೇ ಕಂಪೆನಿ ಸರಕಾರ ಒಪ್ಪಿಕೊಂಡಿತು. ಸರಕಾರದ ಕೈಗೆ ದೊಡ್ಡ ಪಾಲು ಬಂದದ್ದು ಪಳಶ್ಶಿ ರಾಜನ ಮರಣದ ನಂತರ. 1805ರ ನವೆಂಬರ್ 30ರಂದು ಪುಲ್ಪಳ್ಳಿಯ ಬಳಿ ರಾಜ ಬಿದ್ದ. ಅವನ ಸಮಾಧಿ ನಮ್ಮ ಊರ ದಿಣ್ಣೆಯ ಮೇಲಿದೆ. ಅವನದೆಂದು ಹೇಳಲಾದ ಭೂಮಿಯನ್ನೆಲ್ಲ ಮುಟ್ಟುಗೋಲು ಹಾಕಲಾಯಿತು. ಹೀಗೆ ಇಲ್ಲಿ ಎರಡೇ ಬಗೆಯ ಕಾಡು: ಜನ್ಮಿಯದು ಮತ್ತು ಸರಕಾರದ್ದು. ಗದ್ದೆಗೆ ಅಂಟಿದ ಊರವನ ಕಾಡು ಎಂಬುದು ಕಾಗದದಲ್ಲಿ ಇಲ್ಲ. ಜನ್ಮಿಯ ಕಾಡಿನಿಂದ ಸೌದೆ ತಂದರೆ ಅದು ಅವನ ಕೃಪೆ, ಸರಕಾರದ ಕಾಡಿನಿಂದ ತಂದರೆ ಅಪರಾಧ ಅಥವಾ ಪರ್ಮಿಟ್. 1878ರ ಭಾರತೀಯ ಅರಣ್ಯ ಕಾಯಿದೆಯನ್ನು ಮದರಾಸು ಕೂಡಲೇ ಒಪ್ಪಿಕೊಳ್ಳದೆ, ಊರವರಿಗೂ ಕಾಡಿನಲ್ಲಿ ಹಕ್ಕುಗಳಿವೆ ಎಂದು ಅಲ್ಲಿನ ರೆವಿನ್ಯೂ ಬೋರ್ಡು ವಾದಿಸಿತ್ತು. ಆ ವಾದ ಹೆಚ್ಚು ದಿನ ಬಾಳಲಿಲ್ಲ. 1882ರಲ್ಲಿ ಮದರಾಸು ಅರಣ್ಯ ಕಾಯಿದೆ ಬಂತು. ಕಾಫಿ ತೋಟಗಳ ಕಥೆ, ಚಿನ್ನದ ಗಣಿಯ ಹುಚ್ಚು ಇವನ್ನು ಬೇರೆಯವರು ಸಾಕಷ್ಟು ಬರೆದಿದ್ದಾರೆ. ತೋಟಗಳಿಂದ ನಮಗೆ ಸಿಕ್ಕಿದ್ದು ನೆರಳು ಮರದ ಸವರು. ಹಾಲುವಾಣದ ಕೊಂಬೆ ತಂದು ಹಂಡೆಗೆ ಹಾಕಿದವರಿಗೆ ಗೊತ್ತು, ಅದು ಕಾಗದದ ಹಾಗೆ ಉರಿದು ಮುಗಿಯುತ್ತದೆ.

1949ರಲ್ಲಿ ಮದರಾಸು ಸರಕಾರ ಖಾಸಗಿ ಕಾಡುಗಳ ರಕ್ಷಣೆಗೆ ಕಾಯಿದೆ ಮಾಡಿ, ಜನ್ಮಿಗಳು ಮನಬಂದಂತೆ ಮರ ಕಡಿದು ಮಾರದಂತೆ ತಡೆಯಲು ನೋಡಿತು. 1956ರಲ್ಲಿ ನಾವು ಕೇರಳಕ್ಕೆ ಸೇರಿದೆವು. ಆಮೇಲೆ ಉತ್ತರ ವಯನಾಡು ತಾಲೂಕು ಕಣ್ಣೂರು ಜಿಲ್ಲೆಗೆ ಹೋಯಿತು. ಕಾಸರಗೋಡೂ ಅದೇ ಜಿಲ್ಲೆಯಲ್ಲಿತ್ತು. 1980ರ ನವೆಂಬರ್ 1ರಂದು ವಯನಾಡು ಜಿಲ್ಲೆಯಾಗುವ ತನಕ ಮಾನಂದವಾಡಿಯ ಕನ್ನಡಿಗನೂ ಕಾಸರಗೋಡಿನ ಕನ್ನಡಿಗನೂ ಒಬ್ಬನೇ ಕಲೆಕ್ಟರನಿಗೆ ಸಲಾಮು ಹೊಡೆದವರು. ಈ ಸಂಬಂಧ ಈಗಿನ ಹುಡುಗರಿಗೆ ಗೊತ್ತಿಲ್ಲ. 1971ರಲ್ಲಿ ಕೇರಳ ಸರಕಾರ ಮಲಬಾರಿನ ಖಾಸಗಿ ಕಾಡುಗಳನ್ನು ಪರಿಹಾರವಿಲ್ಲದೆ ವಶಪಡಿಸಿಕೊಂಡಿತು. ಆ ವರ್ಷದ ಮೇ 10ರಿಂದ ಅವೆಲ್ಲ ಸರಕಾರದ ಕಾಡುಗಳಾದವು. ಕಾಯಿದೆಯ ಉದ್ದೇಶ ದೊಡ್ಡದು: ಕೃಷಿಗೆ ತಕ್ಕ ಜಾಗವನ್ನು ಭೂಹೀನರಿಗೆ, ಆದಿವಾಸಿಗಳಿಗೆ ಹಂಚುವುದೂ ಅದರಲ್ಲಿ ಸೇರಿತ್ತು. ನಾನು ಅದನ್ನು ಹಳಿಯುವವನಲ್ಲ. ಆದರೆ ನಮ್ಮ ಕೇರಿಗೆ ಗಾಡಿಯಲ್ಲಿ ಬರುತ್ತಿದ್ದ ಸೌದೆ ಇಂಥ ಖಾಸಗಿ ಕಾಡಿನದು. ಅದು ನಿಂತ ಮೇಲೆ ಉಳಿದದ್ದು ಪೇಟೆಯ ಡಿಪೋ, ಅದರ ತಕ್ಕಡಿ, ಆ ತಕ್ಕಡಿಯ ಮೇಲೆ ತೋಯ್ದ ಮರ. ಎರಡು ವರ್ಷ ಕಳೆದು ಸೀಮೆಎಣ್ಣೆಯೂ ಕೈಕೊಟ್ಟಿತು.

ಆಗ ನಮ್ಮ ಜಗಲಿಯಲ್ಲಿ ಸಭೆ ಸೇರಿತು. ಸಭೆಯೆಂದರೆ ದೊಡ್ಡದೇನಲ್ಲ, ಎರಡು ಗೌಡರ ಮನೆಯವರು, ಮಂಗಳೂರಿನ ಕಡೆಯಿಂದ ಬಂದು ಹೋಟೆಲು ಇಟ್ಟವರು, ಬಟ್ಟೆ ಹೊಲಿಯುವವರು, ತಿರುವಿದಾಂಕೂರಿನಿಂದ ವಲಸೆ ಬಂದ ಕ್ರೈಸ್ತ ಮನೆತನದವರು, ಮೀನಿನ ವ್ಯಾಪಾರದ ಮಾಪಿಳ್ಳೆ ನೆರೆಯವರು. ಕಾಫಿ ಕೊಡುವ ಕೆಲಸ ನನ್ನದಾಗಿತ್ತು. ಆ ರಾತ್ರಿಯ ಮಾತಿನಲ್ಲಿ ಒಂದು ವಿಷಯ ಮತ್ತೆ ಮತ್ತೆ ಬಂದದ್ದು ನೆನಪಿದೆ: ಬಿದಿರಿನ ಲಾರಿ. ಕೋಯಿಕ್ಕೋಡಿನ ಹತ್ತಿರದ ಮಾವೂರಿನಲ್ಲಿ ರೇಯಾನಿಗೆ ಬೇಕಾದ ತಿರುಳು ತಯಾರಿಸುವ ಕಾರ್ಖಾನೆಗಾಗಿ ಕೇರಳ ಸರಕಾರ 1958ರಲ್ಲಿ ಗ್ವಾಲಿಯರ್ ರೇಯಾನ್ಸ್ ಕಂಪೆನಿಯೊಡನೆ ಒಪ್ಪಂದ ಮಾಡಿಕೊಂಡಿತ್ತು. ಬಿದಿರಿಗೆ ಟನ್ನಿಗೆ ಒಂದು ರೂಪಾಯಿ. ಹೌದು, ಟನ್ನಿಗೆ. 1963ರ ಸುಮಾರಿಗೆ ಕಾರ್ಖಾನೆ ಕೆಲಸ ಶುರುಮಾಡಿದ ಮೇಲೆ ನಿಲಂಬೂರು, ವಯನಾಡಿನ ಬಿದಿರು ಘಟ್ಟ ಇಳಿಯತೊಡಗಿತು. ಸಾವಿರಾರು ಜನರಿಗೆ ಅದರಿಂದ ಕೆಲಸ ಸಿಕ್ಕಿತು. ಚಾಲಿಯಾರ್ ಹೊಳೆ ಕೆಟ್ಟದ್ದೂ ಅದರಿಂದಲೇ. ಅತ್ತ ಕರ್ನಾಟಕದಲ್ಲಿಯೂ ದಾಂಡೇಲಿಯ ಕಾಗದ ಕಾರ್ಖಾನೆಗೆ ಅದೇ ವರ್ಷಗಳಲ್ಲಿ ಟನ್ನಿಗೆ ಒಂದೂವರೆ ರೂಪಾಯಿಗೆ ಬಿದಿರು ಕೊಟ್ಟದ್ದನ್ನೂ, ಬುಟ್ಟಿ ಹೆಣೆಯುವವನು ಅದೇ ಬಿದಿರಿಗೆ ಸಾವಿರದ ಲೆಕ್ಕದಲ್ಲಿ ಕೊಡಬೇಕಾಗಿ ಬಂದದ್ದನ್ನೂ ಮಾಧವ ಗಾಡ್ಗೀಳರು ಆಮೇಲೆ ಬರೆದು ತೋರಿಸಿದರು. ನಮ್ಮ ಜಗಲಿಯವರಿಗೆ ಆ ಪುಸ್ತಕ ಬೇಕಿರಲಿಲ್ಲ. ಟನ್ನಿಗೆ ರೂಪಾಯಿ ಕೊಡುವವನಿಗೆ ಕಾಡು ಹತ್ತಿರ, ಕ್ವಿಂಟಾಲಿಗೆ ಲೆಕ್ಕ ಕೊಡುವ ನಮಗೆ ದೂರ ಎಂದು ಹೋಟೆಲಿನವರು ಹೇಳಿದಾಗ ಎಲ್ಲರೂ ನಕ್ಕರು. ನಗುವುದಲ್ಲದೆ ಮತ್ತೇನು ಮಾಡುವುದು!

ಅರ್ಜಿಯನ್ನು ತಂದೆಯವರು ಕನ್ನಡದಲ್ಲೇ ಬರೆದರು. ಅವರಿಗೆ ಅದರಲ್ಲಿ ಹಠವಿತ್ತು. ತಮ್ಮ ಸಂಕಟವನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗೆ ಬರೆದುಕೊಳ್ಳುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಪ್ರತಿಯೊಬ್ಬನಿಗೂ ಕೊಟ್ಟಿದೆ. 1969ರ ಕೇರಳ ಆಡಳಿತ ಭಾಷಾ ಕಾಯಿದೆಯಲ್ಲೂ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡಬಹುದು ಎಂದಿದೆ. ಇಷ್ಟಿದ್ದರೂ ಘಟ್ಟದ ಕೆಳಗಿನ ಒಂದು ಕಛೇರಿಯಿಂದ ಅರ್ಜಿ ಹಿಂದಕ್ಕೆ ಬಂತು; ಓದುವವರಿಲ್ಲ, ಮಲೆಯಾಳದಲ್ಲಿ ಅಥವಾ ಇಂಗ್ಲಿಷಿನಲ್ಲಿ ಬರೆಯಿರಿ ಎಂದು. ತಂದೆಯವರು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಪಕ್ಕದ ಮನೆಯ ಕ್ರೈಸ್ತ ಮಾಸ್ತರರೇ ಬಂದು, "ನಿಮ್ಮ ಕನ್ನಡವೂ ಇರಲಿ, ನಾನು ಮಲೆಯಾಳದಲ್ಲಿ ಬರೆದು ಜತೆಗೆ ಹಚ್ಚುತ್ತೇನೆ, ಎರಡೂ ಹೋಗಲಿ" ಎಂದರು. ಹಾಗೆ ಎರಡು ಭಾಷೆಯ ಅರ್ಜಿಯಾಯಿತು. ಎರಡು ಭಾಷೆಯ ಈ ವಾರ್ಷಿಕಕ್ಕೆ ಬರೆಯುವಾಗ ಆ ಮಾಸ್ತರರ ಗುಂಡಗಿನ ಅಕ್ಷರ ನನ್ನ ಕಣ್ಣ ಮುಂದಿದೆ.

ಉತ್ತರ ಕೊನೆಗೂ ಬರಲಿಲ್ಲ. ಆದರೆ ಹದಿನಾರು ಮನೆಗಳು ಒಟ್ಟಾದ ಸುದ್ದಿ ಡಿಪೋಗೆ ತಲುಪಿತ್ತು. ಮರುವರ್ಷ ಮಾರ್ಚಿನಲ್ಲಿ ಎಲ್ಲರೂ ಕೂಡಿ ದುಡ್ಡು ಹಾಕಿ, ಒಣಗಿದ ಸೌದೆಯನ್ನು ಒಟ್ಟಿಗೆ ಲಾರಿಯಲ್ಲಿ ಇಳಿಸಿಕೊಂಡು, ಗಾಡಿಯ ಹಳೆಯ ಗೂಟವನ್ನೇ ಅಳತೆಕೋಲು ಮಾಡಿ ಪಾಲು ಹಾಕಿದರು. ಬೆಲೆ ಇಳಿಯಲಿಲ್ಲ, ನೀರಿಗೆ ಕೊಡುವುದು ನಿಂತಿತು. ನಾಲ್ಕೈದು ವರ್ಷ ಹೀಗೆ ನಡೆಯಿತು.

ಇನ್ನು, ಬಿಟ್ಟುಹೋದ ಸಾಲಿನ ಮಾತು. ಡಿಪೋ ಅಲ್ಲದೆ ನಮ್ಮ ಕೇರಿಗೆ ಸೌದೆ ಬರುವ ಇನ್ನೊಂದು ದಾರಿ ಇತ್ತು. ಅದು ತಲೆಹೊರೆ, ಮಲೆಯಾಳದವರ ಚುಮಡು. ಬೇಗೂರಿನ ಕಾಡಿನ ಕಡೆಯಿಂದ ಅಡಿಯ ಸಮುದಾಯದ ಹೆಂಗಸರು ನಸುಕಿಗೆ ಎದ್ದು ಉದುರುಕಟ್ಟಿಗೆ ಆಯ್ದು, ಬಳ್ಳಿಯಲ್ಲಿ ಬಿಗಿದು, ಮೈಲುಗಟ್ಟಲೆ ನಡೆದು ತರುತ್ತಿದ್ದರು. ಅವರು ತರುವುದು ಯಾವಾಗಲೂ ಒಣ ಸೌದೆ. ಹಸಿ ಹೊರೆ ಹೊರಲು ಯಾರ ತಲೆಯೂ ಒಪ್ಪುವುದಿಲ್ಲವಲ್ಲ. ಒಬ್ಬಾಕೆ ನಮ್ಮ ಮನೆಗೇ ಬರುತ್ತಿದ್ದಳು. ಅವರ ರಾವುಳ ನುಡಿ ಕನ್ನಡಕ್ಕೂ ಕೊಡವಕ್ಕೂ ಹತ್ತಿರದ್ದು. ಪೇಟೆಯ ಮಲೆಯಾಳಕ್ಕಿಂತ ಆಕೆಯ ಮಾತು ನಮ್ಮ ಅಜ್ಜಿಗೆ ಬೇಗ ಅರ್ಥವಾಗುತ್ತಿತ್ತು. ಇಬ್ಬರೂ ಹಿತ್ತಿಲ ಮೆಟ್ಟಿಲ ಮೇಲೆ ಕೂತು, ಒಬ್ಬಳು ತನ್ನ ಭಾಷೆಯಲ್ಲಿ, ಇನ್ನೊಬ್ಬಳು ಕನ್ನಡದಲ್ಲಿ, ಗಂಟೆಗಟ್ಟಲೆ ಮಾತಾಡುವುದನ್ನು ನಾನು ನೋಡಿದ್ದೇನೆ.

ಜಗಲಿಯ ಸಭೆಯಲ್ಲಿ ಡಿಪೋದ ಬೆಲೆಯ ಮಾತು ಮುಗಿದ ಮೇಲೆ ಇನ್ನೊಂದು ತೀರ್ಮಾನವೂ ಆಯಿತು. ತಲೆಹೊರೆಗೆ ಒಬ್ಬೊಬ್ಬರು ಒಂದೊಂದು ಬೆಲೆ ಕೊಟ್ಟರೆ ಹೊರೆಯವರು ಏರಿಸುತ್ತಾರೆ, ಆದ್ದರಿಂದ ಎಲ್ಲ ಮನೆಯವರೂ ಒಂದೇ ಬೆಲೆ, ಎಂಟಾಣೆಗೆ ಮೇಲೆ ಯಾರೂ ಕೊಡಬಾರದು ಎಂದು. ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ನ್ಯಾಯವಾದ ಬೆಲೆ ಎಂದು ತಂದೆಯವರೂ ಒಪ್ಪಿದರು. ಮರುವಾರ ಆಕೆ ಬಂದು, ಮೂರು ಮನೆ ಸುತ್ತಿ, ಎಲ್ಲೂ ಒಂದೇ ಮಾತು ಕೇಳಿ, ಕೊನೆಗೆ ನಮ್ಮ ಹಿತ್ತಿಲಿಗೆ ಬಂದಳು. ಜಗಳ ಮಾಡಲಿಲ್ಲ. ಹೊರೆ ಇಳಿಸಿ, ದುಡ್ಡು ತೆಗೆದುಕೊಂಡು, "ನೀವೆಲ್ಲ ಒಟ್ಟಾದಿರಿ" ಎಂದು ಅಜ್ಜಿಗೆ ಹೇಳಿ ಹೋದಳು. ಅಜ್ಜಿ ಅದನ್ನು ರಾತ್ರಿ ಊಟದ ಹೊತ್ತಿಗೆ ತಂದೆಯವರ ಮುಂದೆ ಕನ್ನಡದಲ್ಲಿ ತಿರುಗಿ ಹೇಳಿದರು. ಯಾರೂ ಏನೂ ಅನ್ನಲಿಲ್ಲ.

ಈ ಮಾತಿನ ಭಾರ ತಿಳಿಯಲು ನಮ್ಮ ಊರಿನ ಇನ್ನೊಂದು ಸಂಗತಿ ಗೊತ್ತಿರಬೇಕು. ಮಾನಂದವಾಡಿಯ ಸಮೀಪದ ವಳ್ಳಿಯೂರುಕಾವಿನ ಉತ್ಸವ ಮಾರ್ಚ್ ತಿಂಗಳಿನದು. ಹಿಂದಿನ ಕಾಲದಲ್ಲಿ ಭೂಮಾಲಿಕರು ಅಡಿಯ, ಪಣಿಯ ಕುಟುಂಬಗಳನ್ನು ಒಂದು ವರ್ಷದ ದುಡಿಮೆಗೆ ಗೊತ್ತುಮಾಡಿಕೊಳ್ಳುತ್ತಿದ್ದದ್ದು ಆ ಜಾತ್ರೆಯಲ್ಲಿ, ನಿಪ್ಪುಪಣ ಎಂಬ ಮುಂಗಡ ಕೊಟ್ಟು. ದೇವಿಯ ಎದುರಿಗೆ ಹಣ ತೆಗೆದುಕೊಂಡವನು ವರ್ಷವಿಡೀ ಒಡೆಯನನ್ನು ಬಿಟ್ಟುಹೋಗುವಂತಿಲ್ಲ. ಮನುಷ್ಯನ ಬೆಲೆಯನ್ನು ಕೊಳ್ಳುವವರೇ ಕೂಡಿ ನಿಶ್ಚಯಿಸಿದ ಊರು ಇದು. ತಿರುನೆಲ್ಲಿಯ ಕಡೆ ಅವರ ಕೂಲಿಗಾಗಿ ನಿಂತ ವರ್ಗೀಸರನ್ನು 1970ರ ಫೆಬ್ರವರಿಯಲ್ಲಿ ಪೋಲೀಸರು ಹಿಡಿದು ಕೊಂದರು. ಅದು ಎನ್‌ಕೌಂಟರ್ ಅಲ್ಲ, ಕೊಲೆ ಎಂದು ನ್ಯಾಯಾಲಯ ತೀರ್ಪು ಕೊಡುವಾಗ 2010 ಆಗಿತ್ತು. ಜೀತಪದ್ಧತಿಯನ್ನು ದೇಶದಲ್ಲಿ ಕಾಯಿದೆಯಿಂದ ರದ್ದುಮಾಡಿದ್ದು 1975-76ರಲ್ಲಿ, ನಮ್ಮ ಅರ್ಜಿಯ ಮರುವರ್ಷ. ಕನ್ನಡ ಮಾತಾಡುವ ಮನೆತನಗಳಲ್ಲೂ ಜಮೀನಿನ ಒಡೆಯರಿದ್ದರು, ಆ ಜಾತ್ರೆಗೆ ಹೋಗಿಬಂದವರಿದ್ದರು ಎಂಬುದನ್ನು ಅಲ್ಪಸಂಖ್ಯಾತರಾದ ನಾವು ನಮ್ಮ ಸಂಕಟ ಹೇಳಿಕೊಳ್ಳುವಾಗ ಮರೆಯುತ್ತೇವೆ. ನಮ್ಮ ಭಾಷೆಗೆ ಕಛೇರಿಯಲ್ಲಿ ಕಿವಿ ಇರಲಿಲ್ಲ ಎಂಬುದು ನಿಜ. ಹಿತ್ತಿಲಿಗೆ ಬಂದ, ನಮ್ಮದಕ್ಕೆ ಹತ್ತಿರದ ಭಾಷೆಗೆ ನಾವು ಕೊಟ್ಟ ಕಿವಿಯೂ ಅಷ್ಟೇ.

1987ರಲ್ಲಿ ಧಾರವಾಡ ಜಿಲ್ಲೆಯ ಸುದ್ದಿಯೊಂದನ್ನು ಪತ್ರಿಕೆಯಲ್ಲಿ ಓದಿದಾಗ ನನಗೆ ಈ ಎಂಟಾಣೆ ಮತ್ತೆ ನೆನಪಾಯಿತು. ಹರಿಹರದ ಪಾಲಿಫೈಬರ್ಸ್ ಕಂಪೆನಿಯೂ ಸರಕಾರದ ಅರಣ್ಯ ಅಭಿವೃದ್ಧಿ ನಿಗಮವೂ ಸೇರಿ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಜಂಟಿ ಸಂಸ್ಥೆ ಮಾಡಿದ್ದವು. ಹಳ್ಳಿಗರು ದನ ಮೇಯಿಸುತ್ತಿದ್ದ, ಸೌದೆ ಆಯುತ್ತಿದ್ದ ಸುಮಾರು 75,000 ಎಕರೆ ಗೋಮಾಳ ಮತ್ತಿತರ ಸರಕಾರಿ ಜಾಗದಲ್ಲಿ ಕಾರ್ಖಾನೆಗಾಗಿ ನೀಲಗಿರಿ ಬೆಳೆಸುವ ಯೋಜನೆ ಅದು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹಳ್ಳಿಗರೊಂದಿಗೆ ನಿಂತಿತು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯಲ್ಲಿ ನಮ್ಮ ಶಿವರಾಮ ಕಾರಂತರ ಹೆಸರೂ ಇತ್ತು; 1987ರ ಮಾರ್ಚಿನಲ್ಲಿ ತಡೆಯಾಜ್ಞೆ ಸಿಕ್ಕಿತು. ಆ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಸುತ್ತಲಿನ ಹಳ್ಳಿಯವರು ಸೇರಿ ನೀಲಗಿರಿ ಸಸಿಗಳನ್ನು ಕಿತ್ತು, ಅದೇ ಜಾಗದಲ್ಲಿ ಮೇವಿಗೂ ಸೌದೆಗೂ ಒದಗುವ ಸಸಿಗಳನ್ನು ನೆಟ್ಟರು. ಅದಕ್ಕೆ 'ಕಿತ್ತಿಕೊ-ಹಚ್ಚಿಕೊ' ಎಂದು ಹೆಸರು. 1991ರಲ್ಲಿ ಆ ಜಂಟಿ ಸಂಸ್ಥೆಯನ್ನು ಮುಚ್ಚಲಾಯಿತು. ಅವರು ಬೆಲೆಯ ಚೌಕಾಸಿಗೆ ಹೋಗದೆ, ಬೆಲೆಗೆ ಮುಂಚಿನ ಪ್ರಶ್ನೆಗೆ ಕೈಹಾಕಿದ್ದರು: ಊರ ಜಾಗದಲ್ಲಿ ಯಾವ ಮರ, ಯಾರ ಒಲೆಗೆ? ಸೌದೆ ಹೊರುವ ಹೆಂಗಸರು ಅಲ್ಲಿ ಸಸಿ ಹಿಡಿದು ಸಾಲಿನಲ್ಲಿದ್ದರು. ನಮ್ಮ ಜಗಲಿಯಲ್ಲಿ ಹೆಂಗಸರೇ ಇರಲಿಲ್ಲ. ನಮ್ಮ ಮನೆಯವರೂ ಬಾಗಿಲ ಒಳಗಿನಿಂದಲೇ ಕೇಳಿಸಿಕೊಂಡವರು.

ಆಮೇಲಿನದು ಚಿಕ್ಕ ಕಥೆ. ತೋಲ್ಪೆಟ್ಟಿಯ ಕಾಡು 1973ರಿಂದಲೇ ವನ್ಯಜೀವಿ ಧಾಮದ ಭಾಗ. 1996ರ ಡಿಸೆಂಬರದಲ್ಲಿ ಗೋದವರ್ಮನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕಾಡಿನ ಮರ ಕಡಿಯುವುದನ್ನು ಬಿಗಿಮಾಡಿತು. 2000ದ ಫೆಬ್ರವರಿಯಲ್ಲಿ ಧಾಮಗಳ ಒಳಗಿನ ಸತ್ತ, ಬಿದ್ದ ಮರವನ್ನೂ ಸಾಗಿಸಬಾರದೆಂದು ಆಜ್ಞೆಯಾಯಿತು. ಕಾಡಿಗೆ ಅದು ಒಳ್ಳೆಯದೇ ಇರಬಹುದು. 2006ರ ಅರಣ್ಯ ಹಕ್ಕು ಕಾಯಿದೆ ಆದಿವಾಸಿಗಳಿಗೆ ಕಿರು ಅರಣ್ಯ ಉತ್ಪನ್ನದ ಹಕ್ಕು ಕೊಟ್ಟಾಗ ಬಿದಿರು, ಜೇನಿನ ಜತೆ ಪೊದೆಕಟ್ಟಿಗೆ, ಮರದ ಬುಡ ಇವೂ ಆ ಪಟ್ಟಿಯಲ್ಲಿ ಸೇರಿದವು. ನಮ್ಮ ಕೇರಿಗೆ ಅಷ್ಟರಲ್ಲಿ ಗ್ಯಾಸು ಬಂದಿತ್ತು. 2022ರಲ್ಲಿ 14.2 ಕಿಲೋದ ಸಿಲಿಂಡರಿನ ಬೆಲೆ ಸಾವಿರ ರೂಪಾಯಿ ದಾಟಿದಾಗ, ಹಂಡೆಯನ್ನು ಗುಜರಿಗೆ ಹಾಕದೆ ಇಟ್ಟುಕೊಂಡವರು ಜಾಣರಾದರು. 2023ರಲ್ಲಿ ವಯನಾಡಿನ ಕಾಡನ್ನು ಕಳೆಯಂತೆ ಆವರಿಸಿದ ಮಂಜಕ್ಕೊನ್ನದ ಮರಗಳನ್ನು ಕಡಿದು ವೆಳ್ಳೂರಿನ ಸರಕಾರಿ ಕಾಗದ ಕಾರ್ಖಾನೆಗೆ ಕೊಡಲು ಸರಕಾರ ಒಪ್ಪಿತು. ಬಿದಿರಿನ ಲಾರಿ ನೆನಪಿದ್ದ ಮುದುಕರು ಪೇಟೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಅರ್ಜಿಯ ಪ್ರತಿಯ ಹಿಂಬದಿಯಲ್ಲಿ ತಂದೆಯವರ ಕೈಬರಹದ ಲೆಕ್ಕವಿದೆ. ಹಸಿ ತುಂಡಿನ ತೂಕ, ವಾರವಾರಕ್ಕೆ ಇಳಿದದ್ದು, ಡಿಪೋದ ದರ, ಲಾರಿಯ ಬಾಡಿಗೆ, ಹದಿನಾರು ಪಾಲು. ಎಲ್ಲದಕ್ಕಿಂತ ಕೆಳಗೆ, ಬೇರೆ ಶಾಯಿಯಲ್ಲಿ, ಎಂದು ಬರೆದರೋ ಗೊತ್ತಿಲ್ಲ: 'ತಲೆಹೊರೆ — 12 ಆಣೆ'. ಎಂಟನ್ನು ಹೊಡೆದು ಹನ್ನೆರಡು ಮಾಡಿದ್ದಾರೆ. ನಮ್ಮ ಮನೆಯೊಂದೇ ಹಾಗೆ ಕೊಟ್ಟಿತೋ, ಉಳಿದ ಹದಿನೈದು ಮನೆಗಳಿಗೂ ಹೇಳಿದರೋ ಎಂದು ಕೇಳಲು ಈಗ ಅವರಿಲ್ಲ. ಆಕೆ ಮುಂದಿನ ಮಳೆಗಾಲದಲ್ಲಿ ಬಂದಿದ್ದಳು, ಅಜ್ಜಿಯೊಡನೆ ಮೆಟ್ಟಿಲ ಮೇಲೆ ಕೂತಿದ್ದಳು, ಅಷ್ಟು ನನಗೆ ನೆನಪಿದೆ.